ಡ್ರಮ್ಮು ತುಂಬಿಸಿಕೊಂಡು ಹೇಳಿದ ಸತ್ಯ

ಹತ್ತನೇ ತರಗತಿಯ ಮಗಳಿಗೆ ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಸಿಕ್ಕ ವಿಷಯ: ದೇಶದ ವಿದೇಶಾಂಗ ನೀತಿಯಲ್ಲಿ ಭದ್ರತೆ, ಸಮೃದ್ಧಿ, ಮೌಲ್ಯ, ಯಾವುದು ಮೊದಲು? ಅಡುಗೆಮನೆಯಲ್ಲಿ ಕುಳಿತು ಪೆನ್ಸಿಲು ಕಚ್ಚುತ್ತಿದ್ದಳು. ಆಗಲೇ ಕಿಟಕಿಯಾಚೆ ಧಡ್ ಎಂದಿತು.

ಚಿತ್ರದುರ್ಗದಲ್ಲಿ ನಮ್ಮದು ನಡುವಿನ ಮನೆ. ಎಡಕ್ಕೆ ಬೋರ್‌ವೆಲ್ ಇರುವ ಅಕ್ಕ. ನಲ್ಲಿ ನೀರು ಬಾರದ ದಿನಗಳಲ್ಲಿ ಗೋಡೆಯ ಮೇಲಿಂದ ಪೈಪು ಎಸೆಯುವವರು ಅವರೇ. ಬಲಕ್ಕೆ ರವಿಕೆ ಹೊಲಿಯುವ ಆಪಾ. ಅಕ್ಕನ ಯಜಮಾನರು ಜೀಪನ್ನು ಹಿಂದಕ್ಕೆ ತೆಗೆಯುವಾಗ ಆಪಾ ಮನೆಯ ಮುಂದೆ ನೆಟ್ಟಿದ್ದ ಕಲ್ಲುಚಪ್ಪಡಿ ಮುರಿದದ್ದು ಕಿಟಕಿಯಿಂದ ನನಗೆ ಕಂಡಿತ್ತು.

"ಯಾವ್ದೋ ಎಮ್ಮೆ ಗುದ್ದಿರ್ಬೇಕು ಕಣಮ್ಮ," ಎಂದರು ಅಕ್ಕ, ಆಪಾ ಕೇಳಿದಾಗ.

ಸಂಜೆ ಆಪಾ ಬಂದರು. "ನಿಮ್ ಕಿಟಕಿಗೆ ಎಲ್ಲಾ ಕಾಣ್ತೈತಲ್ರಿ. ಎಂಥಾ ಎಮ್ಮೆರೀ ಅದು, ಟೈರಿನ ಗುರುತು ಬಿಟ್ಟೋಗೈತೆ?"

"ನಾಳೆ ಹೇಳ್ತೀನಿ ಆಪಾ," ಎಂದು ಚಹಾ ಕೊಟ್ಟೆ. ಸತ್ಯ ಹೇಳಿದರೆ ಪೈಪು ನಿಲ್ಲುತ್ತದೆ. ಹೇಳದಿದ್ದರೆ ಆಪಾ ಮುಖ ನೋಡುವುದು ಹೇಗೆ?

"ಅಮ್ಮಾ, ಈಗ ನೀನೇ ಸಣ್ಣ ದೇಶ," ಮಗಳು ಕಿಸಕ್ಕೆಂದಳು.

ಬೆಳಿಗ್ಗೆ ಅಕ್ಕನ ಪೈಪಿನಿಂದ ಎರಡು ಡ್ರಮ್ಮು, ಕೊಡಗಳು, ಕೊನೆಗೆ ಇಡ್ಲಿ ಪಾತ್ರೆಯನ್ನೂ ತುಂಬಿಸಿಕೊಂಡೆ. ಅವರು ಉಪ್ಪಿನಕಾಯಿ ಕಳಿಸಿದ್ದ ಡಬ್ಬಿ ನಮ್ಮಲ್ಲೇ ಇತ್ತು. ಖಾಲಿ ಡಬ್ಬಿ ಹಿಂದಿರುಗಿಸುವ ರೂಢಿ ನಮ್ಮಲ್ಲಿಲ್ಲ. ಶೇಂಗಾ ಚಟ್ನಿಪುಡಿ ತುಂಬಿ ಹೊರಟೆ. ಸತ್ಯ ಹೇಳುವಾಗ ದನಿ ಏರಿಸಬೇಡಿ ಎಂದು ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಹೇಳುತ್ತಿದ್ದರು. ಅಕ್ಕನ ಹಿತ್ತಲಲ್ಲಿ ಮೆಲ್ಲಗೆ ಹೇಳಿದೆ: "ಅಕ್ಕಾ, ಜೀಪು ತಾಗಿದ್ದು ನಾನು ನೋಡಿದೀನಿ. ಆಪಾ ಮತ್ತೆ ಕೇಳಿದ್ರೆ ಸುಳ್ಳು ಹೇಳಾಕಾಗಲ್ಲ. ಅದಕ್ಕೆ ಮುಂಚೆ ನೀವೇ ಒಂದ್ಮಾತು ಹೇಳ್ಬಿಡ್ರಿ."

"ನಮ್ ನೀರು ಕುಡ್ದು ನಮ್ಗೇ ಬುದ್ಧಿ ಹೇಳಾಕೆ ಬಂದ್ಯಾ?" ಅಕ್ಕ ಮುಖ ತಿರುವಿದರು. ಡಬ್ಬಿಯನ್ನು ಮಾತ್ರ ಒಳಗಿಟ್ಟುಕೊಂಡರು.

ಅಂದೇ ಸಂಜೆ ಅಕ್ಕನ ಯಜಮಾನರು ಆಪಾ ಬಾಗಿಲಿಗೆ ಹೋಗಿ ಒಪ್ಪಿಕೊಂಡರು. ಮರುದಿನ ತಾವೇ ನಿಂತು ಹೊಸ ಚಪ್ಪಡಿ ನೆಡಿಸಿದರು. ನಮಗೆ ಪೈಪು ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಮಗಳ ಭಾಷಣ ಸಿದ್ಧವಾಗಿತ್ತು. ಮೂರರಲ್ಲಿ ಒಂದನ್ನು ಅವಳು ಆರಿಸಿರಲಿಲ್ಲ. ಸಣ್ಣ ದೇಶ ತನ್ನ ಕೊಡ ತುಂಬಿಸಿಕೊಂಡಿರಲಿ, ಕೊಟ್ಟು ತರುವ ಡಬ್ಬಿ ಖಾಲಿ ಹೋಗದಿರಲಿ, ಆದರೆ ಕಂಡದ್ದನ್ನು ಕಂಡಂತೆ ಹೇಳಲಿ ಎಂದು ಬರೆದಿದ್ದಳು.

"ಇಡ್ಲಿ ಪಾತ್ರೆ ವಿಷ್ಯ ಬಿಟ್ಟಿದೀನಮ್ಮ, ನಿನ್ನ ಮರ್ಯಾದೆ ಉಳೀಲಿ," ಎಂದಳು.

ನಾಲ್ಕನೆಯ ದಿನ ಗೋಡೆಯ ಮೇಲಿಂದ ಪೈಪು ದೊಪ್ಪೆಂದು ಬಿತ್ತು.

"ಏನಮ್ಮ, ಒಣಗೋದ್ಯಾ? ಚಟ್ನಿಪುಡಿಗೆ ಖಾರ ಜಾಸ್ತಿ ಆಗೈತೆ ನೋಡು!"

ನಮ್ಮ ಒಂದು ಡ್ರಮ್ಮು ಇನ್ನೂ ತುಂಬಿಯೇ ಇತ್ತು. ಸದ್ದಾಗದಂತೆ ಅದರ ಮುಚ್ಚಳ ಮುಚ್ಚಿ, ಖಾಲಿ ಕೊಡವನ್ನು ಪೈಪಿನ ಕೆಳಗಿಟ್ಟು, "ನೀರು ಬಿಡ್ರಿ ಅಕ್ಕಾ," ಎಂದೆ.