ಭಾನುವಾರದ ಅಂಕಿಗಳು

ನಾನು ಪಶುವೈದ್ಯ. ಮೂಡುಬಿದಿರೆಯ ಹೊರಗಿನ ಒಂದು ವೈದ್ಯಕೀಯ ಸಂಶೋಧನಾ ಘಟಕದಲ್ಲಿ ಮೂರು ವರ್ಷ ಹಂದಿಗಳನ್ನು ನೋಡಿಕೊಂಡೆ. ಮನುಷ್ಯರ ಯಕೃತ್ತಿನಲ್ಲಿ ಗಡ್ಡೆಯಾದರೆ ಆ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿದ ತುಂಡು ಕೆಲವು ವಾರಗಳಲ್ಲಿ ಬೆಳೆದು ಹೆಚ್ಚುಕಡಿಮೆ ಮೊದಲಿನಷ್ಟೇ ಆಗುತ್ತದೆ. ಆದರೆ ಎಷ್ಟು ಉಳಿಸಿದರೆ ಬೆಳೆಯುತ್ತದೆ, ಎಷ್ಟಕ್ಕಿಂತ ಕಡಿಮೆಯಾದರೆ ಜೀವ ಉಳಿಯುವುದಿಲ್ಲ ಎಂಬುದನ್ನು ಮನುಷ್ಯರ ಮೇಲೆ ಮಾಡಿ ನೋಡುವ ಹಾಗಿಲ್ಲ. ಇಲಿಯ ಯಕೃತ್ತು ತೀರಾ ಸಣ್ಣದು. ಹಂದಿಯದ್ದು ಗಾತ್ರದಲ್ಲಿ, ರಕ್ತನಾಳಗಳಲ್ಲಿ ನಮ್ಮದಕ್ಕೆ ಹತ್ತಿರ. ಹಾಗಾಗಿ ಹಂದಿಗಳು. ಆಪರೇಷನ್ ಮಾಡುತ್ತಿದ್ದವರು ನಮ್ಮ ಸರ್ಜನ್. ಅರಿವಳಿಕೆ, ನೋವಿನ ಮದ್ದು, ಆಮೇಲಿನ ಆರೈಕೆ ನನ್ನದು.

ಮನೆಯಲ್ಲಿ ಇದನ್ನು ನಾನು ಸರಿಯಾಗಿ ಹೇಳಿರಲಿಲ್ಲ. ‘ಲಿವರಿನ ರಿಸರ್ಚ್’ ಎಂದಷ್ಟೇ ಹೇಳಿದ್ದೆ. ಅಕ್ಕನಿಗೆ ಮಾತ್ರ ವಿಷಯ ಗೊತ್ತಿತ್ತು, ಅದೂ ಒಮ್ಮೆ ನನ್ನ ಅಂಗಿಯ ವಾಸನೆಗೆ ಮೂಗು ಮುಚ್ಚಿಕೊಂಡು ಕೇಳಿದ್ದರಿಂದ.

ಹಂದಿಗಳನ್ನು ತರುತ್ತಿದ್ದದ್ದು ಬೆಳ್ತಂಗಡಿಯಿಂದ ನೆರಿಯದ ಕಡೆಗೆ ಹೋಗುವ ದಾರಿಯಲ್ಲಿದ್ದ ಒಂದು ಸಣ್ಣ ಫಾರ್ಮಿನಿಂದ. ಅದನ್ನು ನಡೆಸುತ್ತಿದ್ದವರು ಅರವತ್ತರ ಆಸುಪಾಸಿನ ಒಬ್ಬ ಕ್ರೈಸ್ತ ಹೆಂಗಸು; ಎಲ್ಲರೂ ಅವರನ್ನು ಬಾಯಮ್ಮ ಎನ್ನುತ್ತಿದ್ದರು. ಗಂಡನಿಗೆ ಲಿವರಿನ ಆಪರೇಷನ್ ಆಗಿತ್ತಂತೆ, ಉಳಿದದ್ದು ಬೆಳೆಯಲಿಲ್ಲವಂತೆ, ಹನ್ನೊಂದನೇ ದಿನ ಹೋದರಂತೆ. ನಾವು ಮಾಡುವುದೇನೆಂದು ಮೊದಲ ಸಲ ವಿವರಿಸಿದಾಗ ಅವರು ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟು ಪೂರ್ತಿ ಕೇಳಿದರು. ಆಮೇಲೆ, “ಹಾಗಾದರೆ ಒಳ್ಳೆಯದನ್ನೇ ಕೊಡ್ತೇನೆ. ಚೆನ್ನಾಗಿ ನೋಡಿಕೊಳ್ಳಿ, ಅಷ್ಟೇ” ಎಂದರು. ಪ್ರತಿ ಸಲ ಹೋದಾಗಲೂ ಹಿಂದಿನ ಸಲ ಕೊಟ್ಟದ್ದರ ಸುದ್ದಿ ಕೇಳುತ್ತಿದ್ದರು. ಕೊನೆಗೆ ಅವನ್ನು ನಿದ್ದೆಯಲ್ಲೇ ಸಾಯಿಸಿ ಯಕೃತ್ತನ್ನು ತೂಗುತ್ತೇವೆ ಎಂಬುದೂ ಅವರಿಗೆ ಗೊತ್ತಿತ್ತು. ಆದರೂ ಕೇಳುತ್ತಿದ್ದರು.

ಹಾಗೆ ಅವರು ಕೊಟ್ಟ ಹಂದಿಗಳಲ್ಲಿ ಒಂದರ ಕಿವಿ ಹರಿದಿತ್ತು. ಮರಿಯಾಗಿದ್ದಾಗ ನಾಯಿ ಕಚ್ಚಿದ್ದು. ಶುಕ್ರವಾರ ಸರ್ಜನ್ ಅದರ ಯಕೃತ್ತಿನ ಮುಕ್ಕಾಲು ಭಾಗ ತೆಗೆದರು. ಅಲ್ಲಿಯವರೆಗೆ ನಾವು ಅಷ್ಟು ತೆಗೆದದ್ದಿರಲಿಲ್ಲ. ಶನಿವಾರ ಅದು ಎದ್ದು ನಿಂತಿತು, ಗಂಜಿಗೆ ಮೂತಿ ಹಾಕಿತು. ಅಷ್ಟು ಯಕೃತ್ತು ಹೋದಾಗ ದೇಹಕ್ಕೆ ಸಕ್ಕರೆ ಕೂಡಿಡುವ ಜಾಗವೇ ಇರುವುದಿಲ್ಲ. ಅದಕ್ಕೆ ಕುತ್ತಿಗೆಯ ರಕ್ತನಾಳಕ್ಕೆ ಗ್ಲೂಕೋಸ್ ಹನಿಸುತ್ತಲೇ ಇರಬೇಕು, ಗಂಟೆಗೊಮ್ಮೆ ಕಿವಿ ಚುಚ್ಚಿ ರಕ್ತದ ಸಕ್ಕರೆ ನೋಡಿ ಚಾರ್ಟಿನಲ್ಲಿ ಬರೆಯಬೇಕು. ಭಾನುವಾರ ಬೆಳಿಗ್ಗೆ ನಾನೇ ನೋಡಿ, ಅಲ್ಲಿ ಗುಡಿಸಿ ಒರೆಸುವ ಅಮ್ಮನಿಗೆ ಕಾವಲು ಹೇಳಿ, ಮೊದಲೇ ಕಲಿಸಿಕೊಟ್ಟಿದ್ದ ಹಾಗೆ ಗಂಟೆಗೊಮ್ಮೆ ಸಕ್ಕರೆ ನೋಡಿ ಬರೆಯಲು ಹೇಳಿ ಹೊರಟೆ. ಅವರು ಮಧ್ಯಾಹ್ನ ಹನ್ನೆರಡೂವರೆಗೆ ಮನೆಗೆ ಹೋಗುವವರು. ಒಂದು ಗಂಟೆಗೆ ನಾನು ವಾಪಸ್ ಬರಬೇಕಿತ್ತು.

ಹೋದದ್ದು ಬಿ.ಸಿ.ರೋಡಿನ ಹಾಲ್‌ಗೆ. ಅಕ್ಕನ ಮಗಳ ನಿಶ್ಚಿತಾರ್ಥ. ಹನ್ನೊಂದೂವರೆಗೆ ನಾನು ಎದ್ದಾಗ ಅಕ್ಕ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದಳು.

“ಊಟ ಮಾಡದೆ ಹೋಗುವುದಾ? ಹುಡುಗನ ಕಡೆಯವರು ಎಂತ ಹೇಳ್ಲಿಕ್ಕಿಲ್ಲ?”

“ಅಲ್ಲಿ ಆಪರೇಷನ್ ಆದದ್ದು ಉಂಟು ಅಕ್ಕ.”

“ಹಂದಿ ಅಂತ ಮಾತ್ರ ಹೇಳ್ಬೇಡ ಮಾರಾಯ, ದಮ್ಮಯ್ಯ.”

ಅಷ್ಟರಲ್ಲಿ ಹುಡುಗನ ದೊಡ್ಡಪ್ಪ ಹತ್ತಿರ ಬಂದು ಎಲ್ಲಿಗೆ ಇಷ್ಟು ಅವಸರ ಎಂದು ಕೇಳಿದರು. “ಒಬ್ಬರು ಪೇಷೆಂಟ್ ಇದ್ದಾರೆ, ಲಿವರ್ ಸರ್ಜರಿ ಆದದ್ದು” ಎಂದೆ. ಅವರ ಮುಖ ತಟ್ಟನೆ ಬದಲಾಯಿತು. ಪಕ್ಕದ ಕುರ್ಚಿ ಎಳೆದು ಕೂರಿಸಿದರು. ತಮ್ಮ ತಮ್ಮನಿಗೆ ಲಿವರಿನಲ್ಲಿ ಕೊಬ್ಬು ಉಂಟಂತೆ, ಏನು ಮಾಡಬೇಕು ಎಂದರು. ಇನ್ನಿಬ್ಬರು ಬಂದು ಸೇರಿದರು. ನಾನು ಡಾಕ್ಟರರ ಹಾಗೆ ಕಾಲ ಮೇಲೆ ಕಾಲು ಹಾಕಿ ಮಾತಾಡಿದೆ. ಎಂದೂ ನನಗೆ ಸಿಗದಿದ್ದ ಮರ್ಯಾದೆ ಅದು. ಬಿಟ್ಟು ಏಳಲು ಮನಸ್ಸಾಗಲಿಲ್ಲ.

ಹನ್ನೆರಡೂವರೆಗೆ ಗುಡಿಸುವ ಅಮ್ಮನ ಫೋನ್ ಬಂತು. “ಬಾಟಲಿಯಲ್ಲಿ ಸ್ವಲ್ಪವೇ ಉಂಟು. ನಾನು ಹೊರಡ್ತೇನೆ ಆಯ್ತಾ? ನೀವು ಬರ್ತೀರಲ್ಲ?”

“ಬಂದೆ, ಅರ್ಧ ದಾರಿ ಆಯ್ತು. ಸಿದ್ಧಕಟ್ಟೆ ದಾಟಿದೆ” ಎಂದೆ. ಆಗ ನನ್ನ ಎದುರಿಗೆ ಬಾಳೆಲೆ ಹಾಕಿ ಉಪ್ಪು ಬಡಿಸುತ್ತಿದ್ದರು.

ಊಟ ಮುಗಿಸಿ ಮತ್ತೆ ಅವರ ಜೊತೆ ಮಾತಿಗೆ ಕುಳಿತು, ಘಟಕಕ್ಕೆ ತಲುಪುವಾಗ ನಾಲ್ಕೂಕಾಲು. ಬಾಟಲಿ ಬರಿದಾಗಿತ್ತು, ಕೊಳವೆಯಲ್ಲಿ ಸ್ವಲ್ಪ ರಕ್ತ ಮೇಲಕ್ಕೆ ಬಂದು ಹೆಪ್ಪುಗಟ್ಟಿತ್ತು. ಹಂದಿ ಮಗ್ಗುಲಾಗಿ ಬಿದ್ದಿತ್ತು. ಕಾಲುಗಳು ಒದ್ದಾಡಿದ ಕಡೆ ಹಾಸಿದ್ದ ಹುಲ್ಲೆಲ್ಲ ಗೋಡೆಗೆ ಹೋಗಿ ಸೇರಿತ್ತು. ಉಸಿರು ಇನ್ನೂ ಇತ್ತು. ಗ್ಲೂಕೋಸ್ ಏರಿಸಿದೆ, ಕಂಬಳಿ ಹೊದಿಸಿ ಮೈ ತಿಕ್ಕಿದೆ. ಐದು ಗಂಟೆಗೆ ಮುಂಚೆ ಸತ್ತಿತು.

ಆಗ ನಾನು ಸರ್ಜನ್‌ಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಮೇಜಿನ ಬಳಿ ಕುಳಿತು ಚಾರ್ಟ್ ತೆಗೆದು ಒಂದು ಗಂಟೆ, ಎರಡು ಗಂಟೆ, ಮೂರು ಗಂಟೆ, ನಾಲ್ಕು ಗಂಟೆ ಎಂಬ ನಾಲ್ಕು ಖಾಲಿ ಮನೆಗಳನ್ನು ತುಂಬಿದೆ. ಒಂದೇ ಅಂಕಿ ಬರೆದರೆ ಸಂಶಯ ಬರುತ್ತದೆಂದು ಸ್ವಲ್ಪ ಮೇಲೆ ಕೆಳಗೆ ಮಾಡಿ ಬರೆದೆ. ಅಕ್ಷರ ಎಂದಿನಷ್ಟೇ ಅಚ್ಚುಕಟ್ಟಾಗಿತ್ತು. ಈಗ ನೆನೆಸಿಕೊಂಡಾಗ ಹೆಚ್ಚು ನಾಚಿಕೆಯಾಗುವುದು ಅದಕ್ಕೇ.

ಸೋಮವಾರ ಸರ್ಜನ್ ಹೊಟ್ಟೆ ತೆರೆದು ನೋಡಿದರು. ಸಕ್ಕರೆ ಇಳಿದು ಸತ್ತರೆ ಒಳಗೆ ಗುರುತು ಉಳಿಯುವುದಿಲ್ಲ. ಅವರು ಉಳಿದ ತುಂಡನ್ನು ಕೈಯಲ್ಲಿ ಹಿಡಿದು, “ಇದು ತುಂಬಿಕೊಳ್ಳಲು ಶುರು ಮಾಡಿತ್ತಲ್ಲ” ಎಂದರು. ಚಾರ್ಟನ್ನು ಎರಡು ಸಲ ಓದಿದರು. “ಸಕ್ಕರೆಯೂ ಸರಿ ಇತ್ತು. ಮತ್ತೆ ಯಾಕೆ? ಮುಕ್ಕಾಲು ಭಾಗ ತೆಗೆದದ್ದು ಹೆಚ್ಚಾಯಿತೋ ಏನೋ.” ನಾನು ಕೈಗವಸು ತೊಳೆಯುತ್ತಾ ನಿಂತಿದ್ದೆ. ಇನ್ನೊಂದರ ಮೇಲೆ ಮಾಡಿ ನೋಡಬೇಕು ಎಂದರು.

ಆ ಇನ್ನೊಂದನ್ನು ತರಲು ನಾನೇ ಹೋದೆ. ಬಾಯಮ್ಮ ಗೇಟಿನ ಹತ್ತಿರವೇ ಕೇಳಿದರು, “ಕಿವಿ ಹರಿದದ್ದು ಹೇಗುಂಟು ಡಾಕ್ಟ್ರೇ?”

“ಉಂಟು, ಚೆನ್ನಾಗಿ ಉಂಟು.”

“ಬೆಳೀತಾ ಉಂಟಾ?”

“ಹೌದು.”

ಅವರು ಒಳಗೆ ಹೋಗಿ ನನಗೊಂದು ಲೋಟ ಬೆಲ್ಲದ ಕಾಫಿ ತಂದರು. ಕುಡಿದೆ.

ಎರಡನೆಯದಕ್ಕೂ ಅಷ್ಟೇ ಭಾಗ ತೆಗೆದರು. ಈ ಸಲ ನಾನು ಅದರ ಪಕ್ಕದಿಂದ ಕದಲಲಿಲ್ಲ. ಅದು ಬದುಕಿತು. ಮೂರನೇ ವಾರದ ಸ್ಕ್ಯಾನಿನಲ್ಲಿ ಯಕೃತ್ತು ಸೊಗಸಾಗಿ ಬೆಳೆದಿತ್ತು. ಸರ್ಜನ್ ಪರದೆಯನ್ನೇ ನೋಡುತ್ತಾ, “ಒಂದು ಸತ್ತಿತು, ಒಂದು ಬದುಕಿತು. ಏನೂ ಹೇಳಲಿಕ್ಕೆ ಆಗುವುದಿಲ್ಲ. ಇನ್ನೂ ಒಂದು ಮಾಡಬೇಕಾಗ್ತದೆ” ಎಂದರು.

ಪರದೆಯ ಮುಂದೆ ಮಲಗಿದ್ದ ಹಂದಿ ನಿದ್ದೆಮದ್ದಿನಲ್ಲಿ ಗೊರಕೆ ಹೊಡೆಯುತ್ತಿತ್ತು. ನಾನು ಆ ಭಾನುವಾರ ಹೊತ್ತಿಗೆ ಬಂದಿದ್ದರೆ ಅದಕ್ಕೆ ಈ ಗತಿ ಇರಲಿಲ್ಲ. ನಾನು ಬರೆದ ಸುಳ್ಳಿನಿಂದ ಇನ್ನೊಂದಕ್ಕೂ ಬರುವುದರಲ್ಲಿತ್ತು. “ಸರ್, ಬೇಡ” ಎಂದೆ. “ಆ ಭಾನುವಾರ ನಾನು ಇಲ್ಲಿ ಇರಲಿಲ್ಲ.”

ಎಲ್ಲವನ್ನೂ ಹೇಳಿದೆ. ಸಿದ್ಧಕಟ್ಟೆಯ ಸುಳ್ಳನ್ನೂ ಹೇಳಿದೆ. ಅವರು ಕೂಗಾಡುವ ಮನುಷ್ಯರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ತಡವಾಗಿ ಬಂದದ್ದನ್ನು ನಾನು ಮರೆಯಬಹುದು. ಆದರೆ ನೀವು ಬರೆದ ನಾಲ್ಕು ಅಂಕಿಗಳನ್ನು ನಂಬಿ ನಾಳೆ ಯಾರೋ ಸರ್ಜನ್ ಒಬ್ಬ ರೋಗಿಗೆ ‘ಇಷ್ಟು ತೆಗೆಯಲಿಕ್ಕೆ ಆಗುವುದಿಲ್ಲ, ಮನೆಗೆ ಹೋಗಿ’ ಅಂತ ಹೇಳುತ್ತಿದ್ದರು. ಅದು ನಿಮಗೆ ಹೊಳೆಯಲಿಲ್ಲವಾ?”

ಹೊಳೆಯಲಿಲ್ಲ. ನನಗೆ ಆಗ ನನ್ನ ಕೆಲಸ ಉಳಿಯುವುದೊಂದೇ ಹೊಳೆದಿತ್ತು.

ಅವರು ಪ್ರಾಣಿಪ್ರಯೋಗಗಳ ನೈತಿಕ ಸಮಿತಿಗೆ ವರದಿ ಬರೆದರು. ನಾನೂ ನನ್ನ ಕೈಯಾರೆ ಬರೆದುಕೊಟ್ಟೆ. ಚಾರ್ಟಿನ ಆ ಪುಟಕ್ಕೆ ಅಡ್ಡಗೆರೆ ಎಳೆದು ಕಾರಣ ಬರೆದು ಸಹಿ ಹಾಕಿಸಿದರು. ಭಾನುವಾರಗಳಲ್ಲಿ ಇಬ್ಬರು ಇರಲೇಬೇಕೆಂಬ ನಿಯಮ ಬಂತು. ನನ್ನನ್ನು ಕೆಲಸದಿಂದ ತೆಗೆದರು. ಮೂರನೆಯ ಹಂದಿಗೆ ಆಪರೇಷನ್ ಆಗಲಿಲ್ಲ.

ಕೆಲಸ ಹೋದ ವಾರದಲ್ಲೇ ಬಾಯಮ್ಮನ ಫಾರ್ಮಿಗೆ ಹೋದೆ. ಯಾರೂ ಹೋಗಲು ಹೇಳಿರಲಿಲ್ಲ. ಬಸ್ಸಿಳಿದು ನಡೆಯುವಾಗ ಎರಡು ಸಲ ಹಿಂದೆ ತಿರುಗಿದ್ದೆ. ಅವರು ಗೂಡು ತೊಳೆಯುತ್ತಿದ್ದರು. ನಾನು ಹೇಳಿ ಮುಗಿಸುವವರೆಗೆ ಪೈಪಿನ ನೀರು ಹರಿಯುತ್ತಲೇ ಇತ್ತು. ಆಮೇಲೆ ನಲ್ಲಿ ನಿಲ್ಲಿಸಿದರು.

“ಅದಕ್ಕೆ ತುಂಬಾ ಕಷ್ಟ ಆಯ್ತಾ?”

“ಗೊತ್ತಿಲ್ಲ ಬಾಯಮ್ಮ.”

“ಹೌದಲ್ಲ. ನೀವು ಇರಲಿಲ್ಲ.”

ಪೈಪು ಸುತ್ತಿಡುತ್ತಾ ಮತ್ತೆ ಹೇಳಿದರು, “ನನ್ನ ಗಂಡ ಹೋಗುವಾಗ ನಾನು ಹತ್ತಿರ ಇದ್ದೆ. ಅಷ್ಟಾದರೂ ಆಯ್ತು ಅಂತ ಈಗಲೂ ಅನ್ನಿಸ್ತದೆ. ನಿಮ್ಮ ಸರ್‌ಗೆ ಹೇಳಿ, ಬೇಕಾದರೆ ಇನ್ನೂ ಕೊಡ್ತೇನೆ. ತೆಗೆದುಕೊಂಡು ಹೋಗಲಿಕ್ಕೆ ನೀವು ಬರುವುದು ಬೇಡ.”

ಈಗ ನಾನು ಬಂಟ್ವಾಳದ ಹಳ್ಳಿಗಳಲ್ಲಿ ದನ, ಎಮ್ಮೆ, ಆಡುಗಳನ್ನು ನೋಡುತ್ತೇನೆ. ಅಕ್ಕನ ಮಗಳ ಗಂಡನ ಮನೆಯವರು ಇತ್ತೀಚಿನವರೆಗೂ ನನ್ನನ್ನು ಲಿವರಿನ ಡಾಕ್ಟರ್ ಎಂದೇ ತಿಳಿದಿದ್ದರು. ಕಳೆದ ತಿಂಗಳು ಆ ದೊಡ್ಡಪ್ಪ ಫೋನ್ ಮಾಡಿ ತಮ್ಮನ ರಿಪೋರ್ಟ್ ಕಳಿಸಲಾ ಎಂದು ಕೇಳಿದರು. ನಾನು ಪಶುವೈದ್ಯ, ಆ ದಿನ ಪೇಷೆಂಟ್ ಎಂದದ್ದು ಒಂದು ಹಂದಿಯನ್ನು, ನಿಮ್ಮ ಜೊತೆ ಮಾತಾಡುತ್ತಾ ಕುಳಿತದ್ದರಿಂದ ಅದು ಸತ್ತಿತು ಎಂದೆ. ಅವರು ಮೊದಲು ನಕ್ಕರು, ತಮಾಷೆ ಎಂದುಕೊಂಡಿರಬೇಕು. ಆಮೇಲೆ ನಗು ನಿಂತಿತು. “ಹೌದಾ” ಎಂದು ಫೋನ್ ಇಟ್ಟರು.