ಮೈಕಿನಲ್ಲಿ ಬಂದ ಹೆಸರು

ಈಗಷ್ಟೇ ಗುಡಿಯ ಮೈಕು ಕರಕರ ಎಂದಿತು. ತವರುಮನೆಯ ಕಟ್ಟೆಯ ಮೇಲೆ ಕೂತು ಕುಡಿಯುತ್ತಿದ್ದ ಚಹಾ ಸೀರೆಯ ಮೇಲೆ ಚೆಲ್ಲಿತು. ಯಾರದೋ ಎಮ್ಮೆ ತಪ್ಪಿಸಿಕೊಂಡಿದೆಯಂತೆ, ಎಡಗೊಂಬು ಮುರಿದದ್ದು, ಕಂಡವರು ತಿಳಿಸಬೇಕಂತೆ. ಅಷ್ಟೇ. ಆದರೂ ನನ್ನ ಎದೆಬಡಿತ ಇಳಿಯಲು ಹೊತ್ತು ಬೇಕಾಯಿತು. ಎಂ.ಎ. ಓದಿದವಳು ಎಮ್ಮೆಯ ಸುದ್ದಿಗೆ ಬೆವರುವುದು ನಿಮಗೆ ನಗೆ ತರಿಸಬಹುದು. ನಗಿರಿ. ನಾನೂ ನಗುತ್ತೇನೆ, ಬೆವರು ಆರಿದ ಮೇಲೆ.

ತಿಕೋಟಾದ ದ್ರಾಕ್ಷಿ ತೋಟಗಳ ನಡುವಿನ ನಮ್ಮೂರಿಗೆ ಈ ಮೈಕೇ ಪತ್ರಿಕೆ. ನಳದ ನೀರು, ರೇಷನ್ನು, ಕಳೆದ ಕೀಲಿಕೈ, ಎಲ್ಲ ಅದರಲ್ಲೇ. ಒದರುವವರು ಮಲ್ಲಪ್ಪ ಕಾಕಾ. ಊರಿಗೆ ಒಳ್ಳೆಯದಾಗಲೆಂದು ಗಂಟಲು ಹರಿದುಕೊಳ್ಳುವ ಸಜ್ಜನರು. ಸಜ್ಜನರಿಂದ ತಪ್ಪಿಸಿಕೊಳ್ಳುವುದು ಎಷ್ಟು ಕಷ್ಟವೆಂದು ನನಗೆ ತಿಳಿದದ್ದು ಆ ಶಿಬಿರದ ವರ್ಷ.

ಊರ ಶಾಲೆಯಲ್ಲಿ ಹೆಣ್ಣುಮಕ್ಕಳ ಕ್ಯಾನ್ಸರ್ ತಪಾಸಣೆ ಇಟ್ಟಿದ್ದರು. ಹೆಣ್ಣುಮಕ್ಕಳ ಶಿಬಿರವಾದ್ದರಿಂದ ವೇದಿಕೆಯ ತುಂಬ ಗಂಡಸರಿದ್ದರು. ಮಹಿಳೆಯ ತಾಳ್ಮೆಯ ಬಗ್ಗೆ ಅವರು ಎಷ್ಟು ಹೊತ್ತು ಮಾತಾಡಿದರೆಂದರೆ, ಅರ್ಧ ಮಹಿಳೆಯರು ರೊಟ್ಟಿ ಬಡಿಯಲು ಎದ್ದು ಹೋದರು. ಉಳಿದವರನ್ನು ಒಂದು ತರಗತಿಯೊಳಗೆ ಕರೆದು, ಕಿಟಕಿಗೆ ಪರದೆಯಿಲ್ಲವೆಂದು ಭಾರತದ ನಕಾಶೆ ತೂಗುಹಾಕಿ ಪರೀಕ್ಷಿಸಿದರು. ನನ್ನ ಒತ್ತಾಯಕ್ಕೆ ಅಣ್ಣನ ಹೆಂಡತಿ ಶಾಂತಾ ವೈನಿಯೂ ಬಂದಿದ್ದಳು. ಎದೆಯಲ್ಲಿ ಗಂಟಿರುವುದು ಅವಳಿಗೆ ಮೊದಲೇ ಗೊತ್ತಿತ್ತು. ಒಣದ್ರಾಕ್ಷಿಯ ಸುಗ್ಗಿ ಮುಗಿಯುವವರೆಗೆ ಕಾಯಲು ಅದಕ್ಕೆ ಹೇಳಿದ್ದಳು.

ಕೆಲವು ದಿನ ಕಳೆದು ಕಾಕಾನ ದನಿ ಕೇಳಿಸಿತು. "ಮೊನ್ನಿ ಕ್ಯಾನ್ಸರ್ ಕ್ಯಾಂಪಿನ್ಯಾಗ ಸಂಶಯ ಬಂದ ಹೆಣ್ಣಮಕ್ಕಳು ಬಿಜಾಪುರ ದವಾಖಾನಿಗೆ ಹೋಗಬೇಕಂತ ತಿಳಿಸ್ಯಾರ. ಶಾಂತವ್ವ, ಗಂಡ ಶಿವಪ್ಪ..." ಕೇಳಿಸದವರಿಗೆ ಅನ್ಯಾಯವಾಗಬಾರದೆಂದು ಎಲ್ಲ ಹೆಸರುಗಳನ್ನೂ ಮತ್ತೊಮ್ಮೆ ಒದರಿದರು.

ಸಂಜೆಯೊಳಗೆ, ವೈನಿಯೊಬ್ಬಳನ್ನು ಬಿಟ್ಟು, ಹೆಸರು ಬಂದವರೆಲ್ಲ ಮುಖ ಮರೆಸಿಕೊಂಡು ತವರಿನ ದಾರಿ ಹಿಡಿದಿದ್ದರು. ದವಾಖಾನೆಯ ದಾರಿಯನ್ನು ಒಬ್ಬರೂ ಹಿಡಿದಿರಲಿಲ್ಲ. ವೈನಿಗೆ ತವರಿಗೆ ಹೋಗಲೂ ಬರುವಂತಿರಲಿಲ್ಲ. ಮಗಳು ಸುಮಾಳಿಗೆ ಬಬಲೇಶ್ವರದ ಸಂಬಂಧ ನಿಶ್ಚಯಕ್ಕೆ ಬಂದು ನಿಂತಿತ್ತು.

"ಮಗಳ ನಿಶ್ಚಯ ಆಗೂತನಕ ನನಗ ಏನೂ ಆಗಿಲ್ಲ," ಎಂದಳು ವೈನಿ. "ಅವ್ವಗ ಬಂದದ್ದು ಮಗಳಿಗೂ ಬರ್ತೈತಿ ಅಂತ ಬೀಗರು ಹಿಂದ ಸರದ್ರ? ನಿನ್ನ ಡಿಗ್ರಿ ತೋರಿಸಿ ಮದುವಿ ಮಾಡಸ್ತೀಯೇನ ಬೇ?"

ಅಣ್ಣನನ್ನು ಕೇಳಿದೆ. ಅವನು ತಿಳಿದವನು. ದ್ರಾಕ್ಷಿ ಎಲೆಯ ಮೇಲೆ ಒಂದು ಚುಕ್ಕೆ ಕಂಡರೂ ಫೋಟೋ ತೆಗೆದು ಬಿಜಾಪುರದ ಔಷಧದಂಗಡಿಗೆ ಕಳಿಸಿ, ಅವತ್ತೇ ಸಿಂಪಡಿಸುವವನು. "ಇದು ಹೆಂಗಸರ ವಿಷಯ. ನನಗೇನ ತಿಳೀತೈತಿ?" ಎಂದು ಚಪ್ಪಲಿ ಮೆಟ್ಟಿ ತೋಟಕ್ಕೆ ನಡೆದ.

ಕೊನೆಗೆ ಕೈ ಹಿಡಿದದ್ದು ಸುಳ್ಳು. ಬೀಗತಿಗೆ ನಿಶ್ಚಯದ ಸೀರೆ ತರುತ್ತೇವೆಂದು ಹೇಳಿ ಹೊರಟೆವು. ಕಾಯಿಲೆಗೆ ಹೊರಟ ಹೆಂಗಸನ್ನು ಹತ್ತು ಜನ ನಿಲ್ಲಿಸಿ ಕೇಳುತ್ತಾರೆ, ಸೀರೆಗೆ ಹೊರಟವಳಿಗೆ ಊರೇ ದಾರಿ ಬಿಡುತ್ತದೆ. ಬಸ್ಸಿನಲ್ಲಂತೂ ಯಾವ ಬಣ್ಣ ತರಬೇಕೆಂಬ ಸಲಹೆಯೂ ಸಿಕ್ಕಿತು.

ದವಾಖಾನೆಯ ಬೆಂಚಿನ ಮೇಲೆ ವೈನಿ ಮೂಗಿನವರೆಗೆ ಸೆರಗೆಳೆದು ಕೂತಳು. ಪಕ್ಕದಲ್ಲಿ ಇನ್ನೊಬ್ಬಾಕೆ, ಆಕೆಯ ಸೆರಗು ಗದ್ದದವರೆಗೆ. ನರ್ಸು ಬಾಗಿಲಿಗೆ ಬಂದು ಕೂಗಿದಳು: "ಬಬಲೇಶ್ವರದ ಗಂಗವ್ವ ಯಾರ್ರಿ?"

ಪಕ್ಕದಾಕೆ ಎದ್ದು ನಿಂತಳು. ವೈನಿ ನನ್ನ ಮೊಣಕೈಯನ್ನು ಹಿಂಡಿದಳು. ಗಂಗವ್ವ ಎಂದರೆ ಸುಮಾಳಿಗೆ ಅತ್ತೆಯಾಗಬೇಕಾದವಳು! ನಾನು ವೈನಿಯನ್ನು ಎಬ್ಬಿಸಿಕೊಂಡು ಓಡುವ ದಾರಿ ಹುಡುಕತೊಡಗಿದೆ. ಅಷ್ಟರಲ್ಲಿ ವೈನಿ ತಾನೇ ಸೆರಗು ಸರಿಸಿದಳು.

"ಬೀಗತ್ಯಾರ, ಸೀರಿ ಅಂಗಡಿ ಇಲ್ಲೇ ಐತೇನ್ರಿ?"

ಗಂಗವ್ವ ಬೆಚ್ಚಿ ತಿರುಗಿದಳು. ವೈನಿಯ ಮುಖವನ್ನು ನೋಡಿದಳು, ಗೋಡೆಯನ್ನು ನೋಡಿದಳು, ಮತ್ತೆ ಮುಖ ನೋಡಿದಳು. "ಹೂಂನ್ರಿ. ನಾನೂ ನಿಮಗ ಸೀರಿ ತರತೀನಂತ ಹೇಳೇ ಬಂದೀನಿ. ತಿಳಿದ್ರ ನೀವು ಹುಡುಗಿ ಕೊಡೂದಿಲ್ಲಂತ ಅಂಜಿದ್ದೆ ನೋಡ್ರಿ."

ಇಬ್ಬರೂ ನಕ್ಕ ನಗೆಗೆ ನರ್ಸು ಗದರಿದಳು. ಆಮೇಲೆ ಅತ್ತರು. ಅದಕ್ಕೆ ಯಾರೂ ಗದರಲಿಲ್ಲ.

ಗಂಗವ್ವನಿಗೆ ಏನೂ ಇರಲಿಲ್ಲ. ವೈನಿಗೆ ಇತ್ತು. "ಇನ್ನೊಂದು ಸುಗ್ಗಿ ಕಾದಿದ್ದರೆ..." ಎಂದ ಡಾಕ್ಟರು ವಾಕ್ಯ ಮುಗಿಸದೆ ಪೆನ್ನಿಗೆ ಮುಚ್ಚಳ ಹಾಕಿದರು. ಆಪರೇಷನ್ ಆಯಿತು, ಬೀಗತಿಯರ ಸೀರೆಗಳೂ ಆದವು, ಮದುವೆಯೂ ಆಯಿತು. ಡಾಕ್ಟರು ಬಿಟ್ಟ ಆ ವಾಕ್ಯವನ್ನು ಮಾತ್ರ ಮೈಕು ಕರಕರ ಎಂದಾಗಲೆಲ್ಲ ನಾನು ಮುಗಿಸುತ್ತಿರುತ್ತೇನೆ. ಸೆರಗು ಸರಿಯದೆ ಹೋಗಿದ್ದರೆ? ನನ್ನ ಕಾಲು ಅವಳ ಮಾತಿಗಿಂತ ಚುರುಕಾಗಿದ್ದರೆ?

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿದೆ. ಹಿಟ್ಟಿನ ಕೈಯಲ್ಲೇ ವೈನಿ ಬಾಗಿಲಿಗೆ ಬಂದು ಕಿವಿಗೊಟ್ಟಿದ್ದಾಳೆ. ಕಾಕಾ ಎಮ್ಮೆಯ ಕೊಂಬು, ಬಣ್ಣ, ಬಾಲಗಳನ್ನು ಮತ್ತೊಮ್ಮೆ ಒದರಿ ಮುಗಿಸಿದರು.

"ಗಂಡನ ಹೆಸರ ಹೇಳಲಿಲ್ಲ ನೋಡ," ಎಂದಳು ವೈನಿ. "ಎಮ್ಮಿ ಪುಣ್ಯವಂತಿ."

ನಾನು ನಕ್ಕೆ. ಈ ಸಲ ಬೆವರು ಆರುವ ಮೊದಲೇ.