ಕಾಯಿಲ್ ಇಲ್ಲದ ಯಂತ್ರ ಮತ್ತು ಕೊಳಕೂರಿನ ಗುರಣ್ಣ

ಕೊಳಕೂರಿನ ಗುರಣ್ಣ ಬಡಾಯಿಕೋರ. ತನ್ನ ಹೆಸರಿನ ಹೊರತು ಈ ಲೋಕದಲ್ಲಿ ಇನ್ನೇನನ್ನೂ ಪ್ರೀತಿಸದವನು. ಇದನ್ನು ಮೆತ್ತಗೆ ಹೇಳುವುದರಿಂದ ಯಾರಿಗೂ ಉಪಯೋಗವಿಲ್ಲ.

ಸೊಲ್ಲಾಪುರದ ಒಂದು ಅಂಗಡಿಯಲ್ಲಿ ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವುದನ್ನು ಕಲಿತು ಬಂದವನು ಜೇವರ್ಗಿ ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಡಬ್ಬಿಯಂಗಡಿ ಇಟ್ಟು, ಅದರ ಮೇಲೆ ‘ಮೋಟಾರ್ ಡಾಕ್ಟರ್’ ಎಂದು ಬರೆಸಿದ. ಬೇರೆಯವರು ಜೇಬಿಗೆ ಪೆನ್ನು ಸಿಕ್ಕಿಸುವಂತೆ ಇವನು ಟೆಸ್ಟರ್ ಸಿಕ್ಕಿಸುತ್ತಿದ್ದ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ, “ಕಫ ಕಟ್ಯಾದ” ಎನ್ನುತ್ತಿದ್ದ. ಒಮ್ಮೆ ಮದುವೆಮನೆಯ ಮೈಕ್‌ಸೆಟ್ ಸುಟ್ಟುಹಾಕಿ, ಅದು ತನ್ನ ಕೈಯಲ್ಲಿ ಸತ್ತದ್ದು ಅದರ ಪುಣ್ಯ ಎಂದನಂತೆ. ನಾನು ನಂಬುತ್ತೇನೆ.

ಎಂಬತ್ತರ ದಶಕದ ನಡುವೆ ನೆಲೋಗಿಯ ಹತ್ತಿರ ರೇಷ್ಮೆಯ ಮರಿಹುಳು ಸಾಕುವ ಒಂದು ಕೇಂದ್ರ ತೆರೆದರು. ಅದರ ಉಸ್ತುವಾರಿ ನನಗೆ ಬಂತು. ಆ ಸೀಮೆಯ ಒಣಗಾಳಿಗೆ ಮರಿಹುಳು ತಾಳುವುದಿಲ್ಲ. ಕೋಣೆಯಲ್ಲಿ ಸದಾ ತೇವ ಇರಬೇಕು. ಅದಕ್ಕೆಂದೇ ಮುಂಬಯಿಯಿಂದ ಒಂದು ಹಬೆಯಂತ್ರ ಬಂದಿತ್ತು. ಮುಚ್ಚಿದ ಡಬ್ಬ, ಒಳಗೆ ನೀರು, ನೀರಿನಲ್ಲಿ ಇಳಿಬಿಟ್ಟ ಲೋಹದ ಸರಳುಗಳು, ಮೇಲೆ ಹಬೆ ಹೋಗಲು ಕೊಳವೆ, ಅಷ್ಟೆ.

ಹುಳುಗಳಿಗೆ ಸೊಪ್ಪು ಹೆಚ್ಚಿ ಹಾಕುತ್ತಿದ್ದವಳು ಗುರುಶಾಂತಮ್ಮ, ದಿನಗೂಲಿಯವಳು. ಹಿಂದಿನ ತಂಡದ ಹುಳುಗಳೆಲ್ಲ ಒಣಗಿ ಸತ್ತಿದ್ದವು. ಈ ಸಲವೂ ಹಾಗಾದರೆ ಅವಳನ್ನು ತೆಗೆದುಹಾಕುವುದಾಗಿ ಗುಲ್ಬರ್ಗಾದ ಸಾಹೇಬರು ಹೇಳಿಹೋಗಿದ್ದರು. ಯಂತ್ರದಲ್ಲಿ ಕೈಯಾಡಿಸಿದವರಿಗೂ ಅದೇ ಗತಿ ಎಂದಿದ್ದರು. ದಿನಗೂಲಿಯವರಿಗೆ ಮೇಲ್ಮನವಿ ಇಲ್ಲ.

ಜೂನಿನಲ್ಲಿ ಎರಡು ಮಳೆ ಸುರಿದು ಮತ್ತೆ ಬಿಸಿಲು ಕಾಯತೊಡಗಿತು. ಮರಿಹುಳು ಪೊರೆ ಬಿಡಬೇಕಾದ ಹೊತ್ತಿಗೇ ಯಂತ್ರ ನಿಂತಿತು. ದೀಪ ಉರಿಯುತ್ತಿತ್ತು, ಸ್ವಿಚ್ಚು ಟಕ್ಕೆನ್ನುತ್ತಿತ್ತು, ಡಬ್ಬ ಮಾತ್ರ ತಣ್ಣಗಿತ್ತು. ಗುರುಶಾಂತಮ್ಮ ಕೋಣೆಯ ತುಂಬ ಒದ್ದೆ ಗೋಣಿತಾಟು ಕಟ್ಟಿದಳು. ನಾನು ಜೇವರ್ಗಿಗೆ ಹೇಳಿಕಳಿಸಿದೆ. ಅಲ್ಲಿ ಬೇರೆ ಮೆಕ್ಯಾನಿಕ್ ಇರಲಿಲ್ಲ.

ಮೂರನೆಯ ದಿನ ಗುರಣ್ಣ ಬಂದವನೇ ಫ್ಯೂಸಿನ ಸಣ್ಣ ತಂತಿ ಕಿತ್ತು, ಬೆರಳುಗಾತ್ರದ ತಂತಿ ಹಾಕಿದ. “ಇದು ಹೆಣ್ಮಕ್ಕಳ ಜಡಿ ಕಟ್ಟೂ ತಂತಿ ಅದರಿ. ಈಗ ನೋಡ್ರಿ ಗಂಡಸ ಫ್ಯೂಸ್.” ಹಬೆ ಬರಲಿಲ್ಲ. ಮುಚ್ಚಳ ತೆಗೆದು, ಕೈಬತ್ತಿ ಹಿಡಿದು ಒಳಗೆ ಇಣುಕಿದವನು ಸರಕ್ಕನೆ ಹಿಂದೆ ಸರಿದ.

“ಅಕ್ಕೋರ, ಕಳವಾಗ್ಯಾದ್ರಿ!”

“ಏನು?” ಎಂದೆ.

“ಕಾಯಿಲ್! ನೀರು ಕಾಸೂ ಕಾಯಿಲ್ ಯಾರೋ ಎತ್ಕೊಂಡು ಹೋಗ್ಯಾರ. ಬರೇ ಸರಳ ಬಿಟ್ಟಾರ, ಅವೂ ಒಂದಕ್ಕೊಂದು ಮುಟ್ಟಂಗಿಲ್ಲ.” ಕಾವಲುಗಾರ ಲಾಡ್ಲೆಸಾಬನ ಕಡೆ ತಿರುಗಿದ. “ಲೇ ಲಾಡ್ಲ್ಯಾ, ನಿಮ್ಮ ಮನ್ಯಾಗ ಈಚಿಗೆ ನೀರು ಭಾಳ ಲಗೂ ಕಾಯಾಕತ್ಯಾವೇನು?”

“ನಮ್ಮ ಮನ್ಯಾಗ ಕರೆಂಟೇ ಇಲ್ಲೋ ಡಾಕ್ಟರ,” ಎಂದ ಲಾಡ್ಲೆಸಾಬ.

ಈ ಜಾತಿಯ ಯಂತ್ರಕ್ಕೆ ಕಾಯಿಲ್ ಇರುವುದಿಲ್ಲವೆಂದೂ, ಸರಳಿನಿಂದ ಸರಳಿಗೆ ಕರೆಂಟು ನೀರಿನ ಮೂಲಕವೇ ಹರಿದು ನೀರು ತಾನೇ ಕಾಯುವುದೆಂದೂ ನಾನು ತಿಳಿಸಿದೆ. ಗುರಣ್ಣ ಗಂಭೀರವಾಗಿ ತಲೆಯಾಡಿಸಿದ. “ಗೊತ್ತದರಿ. ನಿಮಗ ಗೊತ್ತದೋ ಇಲ್ಲೋ ಅಂತ ನೋಡಿದೆ.”

ಹಾಗಾದರೆ ತಪ್ಪು ನೀರಿನಲ್ಲೇ ಇರಬೇಕು. ಸ್ವಿಚ್ಚು ಆರಿಸಿ, ಬೆರಳದ್ದಿ ನಾಲಿಗೆಗೆ ಹಚ್ಚಿದೆ. ನಮ್ಮ ಬೋರಿನ ನೀರು ಬಾಯಿಗಿಡಲಾರದಷ್ಟು ಸವಳು, ಇದು ಸಪ್ಪೆ.

“ಮಳಿ ನೀರು ಹಾಕೀನ್ರಿ, ಅಕ್ಕೋರ,” ಎಂದಳು ಗುರುಶಾಂತಮ್ಮ. ಯಂತ್ರದ ಒಳಗೆ ಸುಣ್ಣ ಕಟ್ಟುತ್ತಿದ್ದುದನ್ನು ನೋಡಿ, ತಗಡಿನಿಂದ ಇಳಿದ ನೀರನ್ನು ಪೀಪಾಯಿಯಲ್ಲಿ ಹಿಡಿದು, ಬಟ್ಟೆಯಲ್ಲಿ ಸೋಸಿ ತುಂಬಿಸಿದ್ದಳು. “ಸವಳು ನೀರಾಗ ತೊಗರಿ ಬ್ಯಾಳಿ ದಿನಾ ಪೂರಾ ಕುದಿಸಿದ್ರೂ ಬೇಯಂಗಿಲ್ಲ. ಮಳಿ ನೀರಾಗ ಬೆಣ್ಣಿ ಆಗ್ತದ. ಯಂತ್ರಕ್ಕೂ ಕುದಿಸೂದು ಸಸಾರ ಆಗ್ಲಿ ಅಂದೆ.”

ತರ್ಕದಲ್ಲಿ ತಪ್ಪಿಲ್ಲ. ಬೇಳೆಯ ಬಗ್ಗೆ ಅದು ಪೂರಾ ಸರಿ. ಆದರೆ ಉಪ್ಪಿನಂಶವಿಲ್ಲದ ನೀರಿನಲ್ಲಿ ಕರೆಂಟು ಹರಿಯುವುದಿಲ್ಲ. ಒಂದು ಚಿಟಿಕೆ ಉಪ್ಪು ಹಾಕು ಎಂದು ಗುರಣ್ಣನಿಗೆ ಹೇಳಿ ಹುಳುವಿನ ಕೋಣೆಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅವನು ಎರಡು ಬೊಗಸೆ ಸುರಿದು ಸ್ವಿಚ್ಚು ಒತ್ತುತ್ತಿದ್ದ.

“ಕೊಳಕೂರ ಮಂದಿ ಚಿಟಿಕಿ ಲೆಕ್ಕದಾಗ ಉಪ್ಪು ಹಾಕಂಗಿಲ್ರಿ.”

ಡಬ್ಬ ಕೆರಳಿದ ಒಂಟೆಯಂತೆ ಗುರುಗುಟ್ಟಿತು. ಕೊಳವೆಯಿಂದ ಹಬೆಯ ಬದಲು ನೊರೆ ಚಿಮ್ಮಿ ಲಾಡ್ಲೆಸಾಬನ ಗಡ್ಡಕ್ಕೆ ಬಡಿಯಿತು. ಗಂಡಸು ಫ್ಯೂಸು ಅಲ್ಲಾಡಲಿಲ್ಲ. ಅದರ ಬದಲು ಊರಿನ ಟ್ರಾನ್ಸ್‌ಫಾರ್ಮರಿನ ಫ್ಯೂಸೇ ಢಬ್ಬೆಂದು ಹಾರಿತು. ಎದುರಿನ ಹಿಟ್ಟಿನ ಗಿರಣಿ ನಿಂತಿತು. ಅರ್ಧ ಬೀಸಿದ ಜೋಳದ ಬುಟ್ಟಿ ಹೊತ್ತ ಹೆಂಗಸರು ಗೇಟಿನೊಳಗೆ ನುಗ್ಗಿದರು.

“ಎಲ್ಲದಾನ ಆ ಮೋಟಾರ್ ಡಾಕ್ಟರ? ರೊಟ್ಟಿ ಏನು ಅವರಪ್ಪ ಬಡೀತಾನ?”

ಅವರ ಹಿಂದೆಯೇ, ಯಂತ್ರ ನಿಂತ ಸುದ್ದಿ ಕೇಳಿ ಹೊರಟಿದ್ದ ಸಾಹೇಬರ ಜೀಪು ಬಂತು.

ಲೈನ್‌ಮನ್ ಬಂದು ಫ್ಯೂಸು ಕಟ್ಟಿದ. ನಾನು ನಿಂತು ಡಬ್ಬದ ನೀರನ್ನೆಲ್ಲ ಚೆಲ್ಲಿಸಿ, ತೊಳೆಸಿ, ಬೋರಿನ ನೀರು ತುಂಬಿಸಿ, ಸರಿಯಾದ ತಂತಿ ಹಾಕಿಸಿದೆ. ಸ್ವಲ್ಪ ಹೊತ್ತಿಗೆ ಹಬೆ ಬಂತು. ಹುಳುಗಳು ಜೀವಂತವಾಗಿದ್ದವು. ಸಾಹೇಬರಿಗೆ ಅದು ಸಾಲಲಿಲ್ಲ. ಯಂತ್ರ ಮೊದಲು ನಿಂತದ್ದು ಏಕೆ ಎಂದು ಕೇಳಿದರು. ಮಳೆನೀರು ಹಾಕಿದ್ದರಿಂದ ಎಂದೆ.

“ಯಾರು ಹಾಕಿದ್ದು? ಯಂತ್ರದಲ್ಲಿ ಕೈಯಾಡಿಸಿದವರನ್ನು ತೆಗೆದುಹಾಕುತ್ತೇನೆ ಎಂದಿದ್ದೆನಲ್ಲ.”

ಗುರುಶಾಂತಮ್ಮ ಸೆರಗಿನ ತುದಿ ಹಿಂಡುತ್ತ ಮುಂದೆ ಬಂದಳು. ಅಷ್ಟರಲ್ಲಿ ಗುರಣ್ಣ ಗಂಟಲು ಸರಿಮಾಡಿಕೊಂಡ.

“ನಾ ಹಾಕೀನ್ರಿ.”

“ನೀನು ಬಂದದ್ದು ಇವತ್ತು. ಯಂತ್ರ ನಿಂತದ್ದು ಮೊನ್ನೆ.”

“ಮೊನ್ನಿ ಈ ಹಾದಿಲೇ ಹೊಂಟಿದ್ದೆರಿ. ಒಳಗ ಬಂದು ಹಾಕಿ ಹೋದೆ. ವಿಚಾರ ಮಾಡ್ರಿ ಸಾಹೇಬ್ರ, ಇಷ್ಟು ದೊಡ್ಡ ತಪ್ಪು ಸೊಪ್ಪು ಹೆಚ್ಚೂ ಮಂದಿ ಕೈಲಿ ಆಗ್ತದೇನ್ರಿ? ಇದಕ್ಕ ನನ್ನಂಥಾವನೇ ಬೇಕು.”

ಗಿರಣಿಯ ಹೆಂಗಸರು ಕಿಸಕ್ಕನೆ ನಕ್ಕರು. ಸಂಜೆಯೊಳಗೆ ಈ ಮಾತು ಜೇವರ್ಗಿ ತಲುಪುವುದು ಖಂಡಿತವಿತ್ತು. ಇನ್ನು ಮುಂದೆ ಈ ಮನುಷ್ಯ ಸರ್ಕಾರದ ಯಾವ ಯಂತ್ರವನ್ನೂ ಮುಟ್ಟಕೂಡದು ಎಂದು ಸಾಹೇಬರು ಅಲ್ಲೇ, ಎಲ್ಲರೆದುರು ಹೇಳಿದರು.

“ಇಲ್ರೀ ಸಾಹೇಬ್ರ, ಗುರಣ್ಣ ಅಲ್ಲ…” ಎಂದು ಗುರುಶಾಂತಮ್ಮ ಬಾಯಿ ತೆರೆದಳು.

ಗುರಣ್ಣ ಅವಳ ಕಡೆ ಗಕ್ಕನೆ ತಿರುಗಿದ. “ಸುಮ್ಮನಿರ ಬೇ. ದೊಡ್ಡವರು ಮಾತಾಡೂವಾಗ ನಡುವ ಬಾಯಿ ಹಾಕಬ್ಯಾಡ. ಹುಳ ಹಸ್ತಾವ, ಹೋಗಿ ಸೊಪ್ಪು ಹಾಕು.”